ಬಲಕ್ಕೆ ನುಡಿದ ಹಾಲಕ್ಕಿ

ಉಂಡೆ ನನ್ನ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಿತ್ತು. ಬೂದುಬಣ್ಣ, ಒಣಗಿ ಹಗುರವಾಗಿತ್ತು. ಮೆಲ್ಲಗೆ ಬಿಡಿಸಿದೆ. ಒಳಗೆ ಜೀರುಂಡೆಯ ರೆಕ್ಕೆಯ ಹೊಳೆಯುವ ಚೂರುಗಳು, ಒಂದಿಷ್ಟು ಇಲಿಯ ಕೂದಲು, ಅಕ್ಕಿಕಾಳಿನಷ್ಟೇ ಇದ್ದ ಒಂದು ದವಡೆ. ಅದರಲ್ಲಿ ಹಲ್ಲುಗಳು ಇನ್ನೂ ಸಾಲಾಗಿ ಕೂತಿದ್ದವು. ಹಾಲಕ್ಕಿ ತಿಂದದ್ದರಲ್ಲಿ ಅರಗದೆ ಉಳಿದದ್ದನ್ನು ಹೀಗೆ ಉಂಡೆ ಕಟ್ಟಿ ಕಕ್ಕುತ್ತದೆ.

ಈ ಚಳಿಗಾಲದಲ್ಲಿ ಅರ್ಧ ದಿನದ ಮಟ್ಟಿಗೆ ನನ್ನಿವಾಳಕ್ಕೆ ಹೋಗಿದ್ದೆ. ನಾನು ಬರುವ ಸುದ್ದಿ ತಿಳಿದು, ಹಿಂದೆ ನಾನು ಉಳಿದಿದ್ದ ಮನೆಯವರು ಆ ಉಂಡೆಯನ್ನು ಮರದ ಬುಡದಿಂದ ಹೆಕ್ಕಿ, ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇಟ್ಟಿದ್ದರು. ಹೊಸಿಲು ದಾಟುವ ಮೊದಲೇ ನನ್ನ ಅಂಗೈಗೆ ಸುರಿದರು. ಮೂಸಿದೆ, ವಾಸನೆ ಇರಲಿಲ್ಲ. ಆದರೆ ಅದೇ ಹೊತ್ತಿಗೆ ಗಾಳಿ ತಿರುಗಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಬಿಸಿ ಶೇಂಗಾ ಹಿಂಡಿಯ ವಾಸನೆ ಬಂತು. ಹಿಂದೊಂದು ಚಳಿಗಾಲದಲ್ಲಿ ಆ ವಾಸನೆಯ ನಡುವೆ ನಾನು ಒಂದು ಹಕ್ಕಿಯ ದನಿಗಾಗಿ ಕಾದಿದ್ದೆ.

ಆಗ ಎಂ.ಎಸ್ಸಿ. ಮುಗಿದಿತ್ತು. ಕುದಾಪುರದ ಸುತ್ತ ಉಳಿದಿರುವ ಹುಲ್ಲುಗಾವಲಿನಲ್ಲಿ ಚಳಿಗಾಲದ ಹಕ್ಕಿಗಳನ್ನು ಗುರುತಿಸಿ ಬರೆಯುವ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಉಳಿದುಕೊಳ್ಳಲು ನನ್ನಿವಾಳದಲ್ಲಿ ಪಾಲಯ್ಯ ಮತ್ತು ಓಬಮ್ಮ ಎಂಬ ದಂಪತಿಯ ಮನೆಯ ಹಿಂದಿನ ಕೋಣೆ. ಇಬ್ಬರಿಗೂ ನನ್ನ ತಾಯಿಗಿಂತ ಹೆಚ್ಚು ವಯಸ್ಸು. ನಾನು ದೊಡ್ಡಪ್ಪ, ದೊಡ್ಡವ್ವ ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಮಾತು ನನ್ನಿಂದ ಬರುತ್ತಿರಲಿಲ್ಲ. ಅವರೂ ಒತ್ತಾಯಿಸಲಿಲ್ಲ.

ಪಾಲಯ್ಯ ಚಳ್ಳಕೆರೆಯ ಮಿಲ್ಲೊಂದರಲ್ಲಿ ಶೇಂಗಾ ಸುಲಿಯುವ ಯಂತ್ರದ ಮುಂದೆ ಬಹಳ ವರ್ಷ ನಿಂತವರು. ಕೆಲಸ ಬಿಟ್ಟ ಮೇಲೂ ಅವರ ಕಂಬಳಿಯಿಂದ ಆ ವಾಸನೆ ಹೋಗಿರಲಿಲ್ಲ. ಅವರ ತಂದೆ ಮಾತ್ರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯಾಗಿದ್ದರು. ದೇವರಿಗೆ ಬಿಟ್ಟ ಆ ಎತ್ತುಗಳ ಹಿಂಡನ್ನು ಒಂದು ಮೇವಿನ ಕಾವಲಿನಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವ ಮೊದಲು, ಸೂರ್ಯ ಹುಟ್ಟುವುದರೊಳಗೆ ಹಾದಿಯಲ್ಲಿ ನಿಂತು ಹಾಲಕ್ಕಿಯ ದನಿ ಕೇಳುತ್ತಿದ್ದರಂತೆ. ಅದು ನುಡಿಯದಿದ್ದರೆ ಹಿಂಡು ಕದಲುತ್ತಿರಲಿಲ್ಲ.

ನಾನು ಬಂದ ಹೊಸತರಲ್ಲಿ ಒಂದು ಸಂಜೆ, ಜಗಲಿಯ ಮೇಲೆ ಕೂತು ಈ ವಿಷಯ ಮಾತಾಡಿದ್ದೆವು. ಹೊಲದಲ್ಲಿ ಗೂಬೆಗಳಿವೆಯೇ ಎಂದು ಕೇಳಿದ್ದೆ.

"ಗೂಬೆ ಅನ್ಬ್ಯಾಡ ತಾಯಿ. ಗೂಬೆ ಬ್ಯಾರೆ, ಹಾಲಕ್ಕಿ ಬ್ಯಾರೆ. ಗೂಬೆ ಕೂಗ್ತೈತೆ. ಹಾಲಕ್ಕಿ ನುಡೀತೈತೆ."

"ಪುಸ್ತಕದಲ್ಲಿ ಅದೂ ಗೂಬೆಯ ಜಾತಿಯೇ ದೊಡ್ಡಪ್ಪ. ಸಣ್ಣ ಗೂಬೆ."

"ಪುಸ್ತಕ ಬರ್ದೋನು ಎತ್ತು ಹೊಡ್ಕಂಡು ಹೋಗಿದ್ನಾ?"

ಒಳಗಿನಿಂದ ಓಬಮ್ಮನ ದನಿ ಬಂತು. "ನೀವು ಹೋಗಿದ್ರಾ? ಹೋಗಿದ್ದು ನಿಮ್ಮಪ್ಪ. ನೀವು ಹೋಗಿದ್ದು ಮಿಲ್ಲಿಗೆ. ಅದೂ ಸೈಕಲ್ ಮ್ಯಾಲೆ."

ಪಾಲಯ್ಯ ನಕ್ಕರು. ಆಮೇಲೆ ಗಂಭೀರವಾಗಿ ನನಗೆ ವಿವರಿಸಿದರು. ಮನೆಯಿಂದ ಹೋಗುವಾಗ ಹಾಲಕ್ಕಿ ಎಡಕ್ಕೆ ನುಡಿಯಬೇಕು. ಮನೆಗೆ ಬರುವಾಗ ಬಲಕ್ಕೆ. ದೂರದ ಪಯಣಕ್ಕೆ, ದೊಡ್ಡ ಕೆಲಸಕ್ಕೆ ಅದನ್ನು ಕೇಳದೆ ಅವರ ಮನೆಯಲ್ಲಿ ಯಾರೂ ಹೊರಡುವುದಿಲ್ಲ. ಒಮ್ಮೆ ಮಾತ್ರ ಅವರ ಅಣ್ಣ ಕೇಳದೆ ಹೊರಟಿದ್ದ. "ಹೋದೋನು ಬರ್ಲಿಲ್ಲ," ಎಂದು ನಿಲ್ಲಿಸಿದರು.

ತೊಗರಿ ಕೊಯ್ಲಿನ ದಿನಗಳು ಬಂದವು. ಮಾಳಿಗೆಯ ಮೇಲೆ ತೊಗರಿ ಹರವಲು ಏಣಿ ಹತ್ತಿದ ಪಾಲಯ್ಯ ಅರ್ಧದಲ್ಲೇ ನಿಂತುಬಿಟ್ಟರು. ಚಳಿಯಲ್ಲೂ ಅವರ ಕುತ್ತಿಗೆ ಬೆವರಿತ್ತು. ಗಾಬರಿಯಲ್ಲಿ ಅಂದೇ ಕರೆದೊಯ್ದ ದಾವಣಗೆರೆಯ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಗಳು ಕಟ್ಟಿವೆ ಎಂದರು. ಆಪರೇಷನ್ ಆಗಬೇಕು, ಇಂಥ ದಿನ ಬಂದು ಸೇರಿಕೊಳ್ಳಿ ಎಂದರು. ಆ ದಿನ ಬಂತು. ಬ್ಯಾಗು ತುಂಬಿಸಿ ಬಾಗಿಲ ಬಳಿ ಇಟ್ಟಿದ್ದರು. ಪಾಲಯ್ಯ ನಸುಕಿನಲ್ಲೇ ಎದ್ದು ಕಂಬಳಿ ಹೊದ್ದು ಊರ ಹೊರಗೆ ಹೋದರು. ಅಲ್ಲಿ ಮೊದಲು ಒಂದು ಮುದಿ ಹುಣಸೆಮರವಿತ್ತಂತೆ, ಅದರ ಪೊಟರೆಯಲ್ಲಿ ಹಾಲಕ್ಕಿಗಳಿದ್ದವಂತೆ. ರಸ್ತೆ ಅಗಲವಾದಾಗ ಮರ ಹೋಗಿತ್ತು. ಮರವಿದ್ದ ಜಾಗದಲ್ಲಿ ನಿಂತು ಅವರು ಕಿವಿಗೊಟ್ಟರು. ಬಿಸಿಲು ಬಂದ ಮೇಲೆ ವಾಪಸ್ಸಾಗಿ, ಬಾಗಿಲ ಬಳಿಯಿದ್ದ ಬ್ಯಾಗನ್ನು ಎತ್ತಿ ಗೂಟಕ್ಕೆ ತಗುಲಿಸಿದರು.

"ನುಡೀಲಿಲ್ಲ," ಎಂದರು. ಅಷ್ಟೇ.

ಓಬಮ್ಮ ಬೈದರು, ಅತ್ತರು, ಮಾತು ಬಿಟ್ಟರು. ಆಸ್ಪತ್ರೆಗೆ ಫೋನ್ ಮಾಡಿ ಇನ್ನೊಂದು ದಿನ ಕೇಳಿಕೊಂಡವರೂ ಅವರೇ. ಎರಡು ವಾರದ ನಂತರದ ಸೋಮವಾರ ಕೊಟ್ಟರು. ಇನ್ನು ಮುಂದೂಡಿದರೆ ಜವಾಬ್ದಾರಿ ನಮ್ಮದಲ್ಲ ಎಂದೂ ಹೇಳಿದರು.

ಅಂದಿನಿಂದ ನನಗೆ ಆ ಮನೆಯಲ್ಲಿ ಉಸಿರು ಕಟ್ಟುವಂತಾಯಿತು. ಅದಕ್ಕೆ ಕಾರಣವನ್ನು ನಾನು ಅವರಿಗೆ ಹೇಳಿರಲಿಲ್ಲ. ನನ್ನ ಊರು ಮೊಳಕಾಲ್ಮೂರು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ನಾನು ಪಿ.ಯು.ಸಿ.ಯಲ್ಲಿದ್ದಾಗ ಒಂದು ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದರು. ಮಗ್ಗದ ಮೇಲೆ ಅರ್ಧ ಸೀರೆಯಿತ್ತು. ಸೀರೆಯನ್ನು ಅರ್ಧಕ್ಕೆ ಬಿಟ್ಟು ಅಪ್ಪ ಎಂದೂ ಎದ್ದವರಲ್ಲ. ಬೇರೆಯವರು ಕೂತರೆ ಕೈಯ ಹೊಡೆತ ಬದಲಾಗುತ್ತದೆ, ಅಲ್ಲೊಂದು ಗೆರೆ ಬಿದ್ದೇ ಬೀಳುತ್ತದೆ ಎನ್ನುತ್ತಿದ್ದರು. ಸೀರೆ ಮಗ್ಗದಿಂದ ಇಳಿಯಲಿ, ಆಮೇಲೆ ಬಳ್ಳಾರಿಗೆ ಹೋಗಿ ತೋರಿಸೋಣ ಎಂದರು. ಸೀರೆ ಇಳಿಯಿತು. ಅಪ್ಪ ಬಳ್ಳಾರಿ ಮುಟ್ಟಲಿಲ್ಲ.

ಓಬಮ್ಮ ನನ್ನ ಕೋಣೆಗೆ ಬಂದದ್ದು ಆಸ್ಪತ್ರೆಯವರು ಆ ಸೋಮವಾರ ಕೊಟ್ಟ ಮರುದಿನ. ಬಂದವರು ಕೂರಲಿಲ್ಲ.

"ನೀನು ಹಕ್ಕಿ ಹುಡ್ಕೋಳು. ಅವರಿಗೊಂದು ಹಾಲಕ್ಕಿ ಹುಡುಕ್ಕೊಡವ್ವ."

ಯಾವ ಹಕ್ಕಿ ಎಂದು ಖಚಿತಪಡಿಸಿಕೊಳ್ಳಲು ನಾನು ಫೋನಿನಲ್ಲಿದ್ದ ದನಿಯನ್ನು ಸಣ್ಣಗೆ ಹಾಕಿದೆ. ಸಮೀಕ್ಷೆಗೆ ಬರುವ ಹೊಸಬರಿಗೆ ಪರಿಚಯಿಸಲು ಇಟ್ಟುಕೊಂಡಿದ್ದ ದನಿ. ಚಿರ್ರ್ ಚಿರ್ರ್ ಎಂದು ಶುರುವಾಗಿ, ಇಬ್ಬರು ಜಗಳ ಕಾದಂತೆ ಒಂದರ ಮೇಲೊಂದು ಏರುವ ಕಿರುಚಾಟ. ಓಬಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇದೇ. ಇದೇ ಕಣವ್ವ. ಇದು ನಿನ್ ತಾವ ಇದ್ಮೇಲೆ ಹಕ್ಕಿ ಯಾಕೆ? ಸೋಮವಾರ ಬೆಳಿಗ್ಗೆ ಎಡಗಡೆ ಬೇಲಿ ಹಿಂದೆ ಕೂತ್ಕಂಡು ಹಾಕ್ಬಿಡು. ಯಾರಿಗೆ ಗೊತ್ತಾಗ್ತೈತೆ?"

ಸುಲಭವಾಗಿತ್ತು. ಇಂಥದೊಂದು ಸುಳ್ಳಿಗೆ ಅಪ್ಪ ಮಗ್ಗ ಬಿಟ್ಟು ಏಳುತ್ತಿದ್ದರೆ ನಾನು ಹೇಳುತ್ತಿದ್ದೆ. ಆದರೆ ಪಾಲಯ್ಯನ ಕಿವಿ ಆ ದನಿಯನ್ನು ಹುಟ್ಟಿನಿಂದ ಬಲ್ಲದು. ಫೋನಿನ ದನಿ ಎಂದು ಅವರಿಗೆ ಗೊತ್ತಾದರೆ ಮತ್ತೆಂದೂ ಅವರು ಹೊಸಿಲು ದಾಟುವುದಿಲ್ಲ. ನಿಜವಾದ ಹಕ್ಕಿ ನುಡಿದರೂ ನಂಬುವುದಿಲ್ಲ.

"ಹುಡುಕ್ತೀನಿ ದೊಡ್ಡವ್ವ," ಎಂದೆ.

"ಸಿಗದಿದ್ರೆ?"

ನಾನು ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಹೊರಟೆ.

ಹಾಲಕ್ಕಿ ಅಪರೂಪದ ಹಕ್ಕಿಯಲ್ಲ. ಮೊಳಕಾಲ್ಮೂರಿನ ನಮ್ಮ ಬೀದಿಯ ವಿದ್ಯುತ್ ಕಂಬದ ಮೇಲೆಯೇ ಒಂದು ಜೋಡಿ ಕೂರುತ್ತಿತ್ತು. ಆದರೆ ಪಾಲಯ್ಯನಿಗೆ ಬೇಕಿದ್ದದ್ದು ಅವರ ಊರಿನ ಹಾದಿಯಲ್ಲಿರುವ ಹಕ್ಕಿ. ಮುಂಜಾನೆ ಹುಲ್ಲುಗಾವಲಿನ ಕೆಲಸ ಶುರುವಾಗುವ ಮೊದಲು, ಸಂಜೆ ಮುಗಿದ ಮೇಲೆ, ಊರಿನ ಸುತ್ತಲಿನ ಪ್ರತಿಯೊಂದು ಹಳೆಯ ಮರದ ಕೆಳಗೆ ಹೋಗಿ ನಿಂತೆ. ಬೇವು, ಜಾಲಿ, ಹೊಂಗೆ. ಗಾಳಿ ಕಿವಿ ಕೊಯ್ಯುವಂತೆ ಬೀಸುತ್ತಿತ್ತು. ಆ ಗಾಳಿಯಲ್ಲಿ ಹಕ್ಕಿ ನುಡಿದರೂ ಕೇಳುವಂತಿರಲಿಲ್ಲ. ಒಂದು ದಿನ ಕುದಾಪುರದ ಕಡೆ, ಸರ್ಕಾರಿ ಸಂಸ್ಥೆಯೊಂದರ ತಂತಿಬೇಲಿಯ ಪಕ್ಕದ ಬೇವಿನಮರಕ್ಕೆ ದುರ್ಬೀನು ಹಿಡಿದಿದ್ದಾಗ ಒಳಗಿನಿಂದ ಕಾವಲುಗಾರ ಕೂಗಿದ.

"ಏನ್ ನೋಡ್ತಿದೀರಿ ಮೇಡಂ ಅಲ್ಲಿ?"

"ಗೂಬೆ."

ಅವನು ನನ್ನನ್ನು ನೋಡಿದ, ಮರವನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. "ಅದನ್ನ ಯಾರಾದ್ರೂ ಬೇಕಂತ ಹುಡುಕ್ಕೊಂಡ್ ಬರ್ತಾರಾ?" ಎಂದ. ಬೇಲಿಯಿಂದ ದೂರ ಹೋಗಿ ನೋಡಿ ಎಂದ. ನಾನು ಹೋದೆ.

ಮನೆಯಲ್ಲಿ ಪಾಲಯ್ಯ ದಿನದಿಂದ ದಿನಕ್ಕೆ ನಿಧಾನವಾಗುತ್ತಿದ್ದರು. ಬಚ್ಚಲಿಗೆ ಹೋಗುವಾಗಲೂ ನಡುವೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ನನ್ನ ಕೋಣೆಗೆ ಅವರ ಉಸಿರು ಕೇಳುತ್ತಿತ್ತು. ನಾನು ಬಂದ ತಕ್ಷಣ ಓಬಮ್ಮ ನನ್ನ ಮುಖ ನೋಡುವರು, ನಾನು ಇಲ್ಲವೆಂದು ತಲೆಯಾಡಿಸುವೆ, ಅವರು ಒಲೆಯ ಕಡೆ ತಿರುಗುವರು. ಗಾಳಿ ಆ ಕಡೆಯಿಂದ ಬೀಸಿದರೆ ಮಿಲ್ಲುಗಳ ವಾಸನೆ ಮನೆಯೊಳಗೇ ಬರುತ್ತಿತ್ತು.

ಶನಿವಾರ ಸಂಜೆ ಗಾಳಿ ನಿಂತಿತು. ಊರಿನಿಂದ ಚಳ್ಳಕೆರೆ ರಸ್ತೆಗೆ ಸೇರುವ ಹಳೆಯ ಬಂಡಿಜಾಡಿನಲ್ಲಿ ವಾಪಸ್ಸಾಗುತ್ತಿದ್ದೆ. ತೊಗರಿ ಹೊಲದ ಮೂಲೆಯಲ್ಲಿ ಪಾಳು ಬಿದ್ದ ಪಂಪ್‌ಹೌಸು, ಅದಕ್ಕೆ ಒರಗಿದಂತೆ ಒಂದು ಹುಣಸೆಮರ. ಅದರ ಮುಂದೆ ಹಲವು ಸಲ ಹಾದುಹೋಗಿದ್ದೆ. ಅಂದು ಬಗ್ಗಿದ ಬಿಸಿಲು ಪಂಪ್‌ಹೌಸಿನ ಗೋಡೆಯ ಮೇಲೆ ನೇರ ಬಿದ್ದಿತ್ತು. ಗೋಡೆಯ ಮೇಲೆ ಸುಣ್ಣ ಎರಚಿದಂತೆ ಹಿಕ್ಕೆಯ ಬಿಳಿ ಗುರುತುಗಳು. ಬಾಗಿ ನೋಡಿದೆ. ನೆಲದ ಮೇಲೆ ಬೂದು ಉಂಡೆಗಳು, ಕೆಲವು ಇನ್ನೂ ಹಸಿ.

ನಾನು ಹೊಲದ ಬದುವಿನ ಮೇಲೆ ಕೂತೆ. ಬಿಸಿಲು ಹೋಯಿತು. ಕೊಂಬೆಯ ಮೇಲಿದ್ದ ಗಂಟೊಂದು ತಿರುಗಿ ನನ್ನನ್ನು ನೋಡಿತು. ಬಿಳಿ ಹುಬ್ಬು, ಹಳದಿ ಕಣ್ಣು, ಕಂದು ಮೈ ಮೇಲೆ ಬಿಳಿಯ ಚುಕ್ಕೆ. ಮುಷ್ಟಿಗಿಂತ ಸ್ವಲ್ಪವೇ ದೊಡ್ಡದು. ಅದರ ಪಕ್ಕದ ಪೊಟರೆಯಿಂದ ಇನ್ನೊಂದು ಹೊರಬಂದು ಅದಕ್ಕೆ ಅಂಟಿಕೊಂಡು ಕೂತಿತು. ಎರಡೂ ತಲೆಯನ್ನು ಮೇಲೆ ಕೆಳಗೆ ಆಡಿಸಿ ನನ್ನ ದೂರವನ್ನು ಅಳೆದವು. ಆಮೇಲೆ ಇಡೀ ಹೊಲಕ್ಕೆ ಕೇಳುವಂತೆ ಜಗಳ ತೆಗೆದವು.

ಊರಿನಿಂದ ಚಳ್ಳಕೆರೆ ಕಡೆ ಹೋಗುವವರಿಗೆ ಆ ಮರ ಎಡಕ್ಕೆ ಬರುತ್ತದೆ. ನಾನು ಅದನ್ನು ಲೆಕ್ಕ ಹಾಕಿದ್ದೆ ಎಂಬುದು ಮನೆಯ ಬಾಗಿಲಿಗೆ ಬಂದಾಗ ನನಗೆ ಅರಿವಾಯಿತು. ಮುಖ ನೋಡಿದ ಓಬಮ್ಮನಿಗೆ, ಸಿಕ್ಕಿತು ಎಂದೆ.

ಸೋಮವಾರ ನಸುಕಿನಲ್ಲಿ ಖಲೀಲನ ಆಟೋ ಬಂತು. ಖಲೀಲ್ ಚಳ್ಳಕೆರೆಯವನು, ಅವನ ತಂದೆ ಪಾಲಯ್ಯನ ಜೊತೆ ಮಿಲ್ಲಿನಲ್ಲಿದ್ದವರು. ನಾವು ನಾಲ್ವರೂ ಬಂಡಿಜಾಡಿನಲ್ಲಿ ಹೋದೆವು. ಮರಕ್ಕೆ ಸ್ವಲ್ಪ ಮೊದಲೇ ಆಟೋ ನಿಲ್ಲಿಸಲು ಹೇಳಿದೆ. ಪಾಲಯ್ಯ ಇಳಿದು, ನನ್ನ ಭುಜ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ನಡೆದರು. ಅವರ ಕೈ ತಣ್ಣಗಿತ್ತು. ಹಿಂದೆ ಓಬಮ್ಮ ಬ್ಯಾಗನ್ನು ಎದೆಗೆ ಅವಚಿಕೊಂಡು ಬಂದರು.

ಎರಡೂ ಹಕ್ಕಿಗಳು ಕೊಂಬೆಯ ಮೇಲಿದ್ದವು. ನಾನು ದುರ್ಬೀನು ಕೊಡಲು ಹೋದೆ.

"ಬ್ಯಾಡ ತಾಯಿ. ನಂಗೆ ಬೇಕಾಗಿರೋದು ಕಣ್ಣಿಗಲ್ಲ, ಕಿವಿಗೆ."

ಕಾದೆವು. ಹಕ್ಕಿಗಳು ಉಬ್ಬಿಕೊಂಡು ಚಳಿಗೆ ಕಣ್ಣು ಮುಚ್ಚಿ ಕೂತಿದ್ದವು. ಪೂರ್ವದಲ್ಲಿ ಬೂದು ಹೋಗಿ ಕೆಂಪು ಬಂತು. ದೂರದಲ್ಲಿ ಎಲ್ಲೋ ಗೌಜಲಕ್ಕಿ ಕೂಗಿತು. ಹಾಲಕ್ಕಿಗಳು ಕೂಗಲಿಲ್ಲ. ಸೂರ್ಯ ಹುಟ್ಟಿದರೆ ಮುಗಿಯಿತು. ಅದು ನಮಗೆಲ್ಲ ಗೊತ್ತಿತ್ತು. ಖಲೀಲ್ ಆಟೋದಿಂದ ತಲೆ ಹೊರಹಾಕಿ, "ಅಕ್ಕಾ, ದಾವಣಗೆರೆ ಬಸ್ಸು ತಪ್ತೈತೆ," ಎಂದು ನನಗೆ ಪಿಸುಗುಟ್ಟಿದ. ಓಬಮ್ಮ ಅವನ ಕಡೆ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ನನ್ನ ಸ್ವೆಟರಿನ ಜೇಬನ್ನು.

ಫೋನು ನನ್ನ ಬೆರಳಿಗೆ ತಾಗುತ್ತಿತ್ತು. ಆ ದನಿ ಕೇಳಿದರೆ ಈ ಜೋಡಿ ತಮ್ಮ ಜಾಗಕ್ಕೆ ಯಾರೋ ಬಂದರೆಂದು ಖಂಡಿತ ಎದ್ದು ಉತ್ತರಿಸುತ್ತದೆ. ಆಗ ನುಡಿಯುವುದು ನಿಜವಾದ ಹಕ್ಕಿಯೇ. ಎಡಕ್ಕೇ. ಇದು ಮೋಸವಲ್ಲ ಎಂದು ನಾನು ನನಗೇ ಎರಡು ಸಲ ಹೇಳಿಕೊಂಡೆ. ಆಮೇಲೆ ಫೋನನ್ನು ಹೊರತೆಗೆದು ಅವರ ಮುಂದೆ ಹಿಡಿದೆ.

"ದೊಡ್ಡಪ್ಪ, ಇದರಲ್ಲಿ ಹಾಲಕ್ಕಿಯ ದನಿ ಇದೆ. ಹಾಕಿದರೆ ಅವು ಉತ್ತರ ಕೊಡುತ್ತವೆ. ಹಾಕಲಾ?"

ಓಬಮ್ಮ ಕಣ್ಣು ಮುಚ್ಚಿಕೊಂಡರು. ಪಾಲಯ್ಯ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ.

"ನೀನು ಕೇಳಿದ್ರೆ ಅದು ನಿಂಗೆ ಹೇಳ್ತೈತೆ ತಾಯಿ. ನಂಗೆ ಹೇಳ್ಬೇಕಲ್ಲ."

ಫೋನನ್ನು ಜೇಬಿಗೆ ಹಾಕಿದೆ. ದಿಗಂತದ ಕೆಂಪು ಹಳದಿಯಾಗುತ್ತಿತ್ತು. ಮೊಳಕಾಲ್ಮೂರಿನ ಮನೆಯಲ್ಲಿ, ಆ ಸೀರೆ ಇಳಿಯುವುದನ್ನೇ ಕಾಯುತ್ತ ಬಾಗಿಲ ಬಳಿ ಹೀಗೆಯೇ ನಿಂತಿದ್ದೆ.

ಆಗ ಖಲೀಲ್ ಹಾರನ್ ಹೊಡೆದ.

ಒಂದು ಹಕ್ಕಿ ಕೊಂಬೆಯಿಂದ ಎಸೆದಂತೆ ಹೊರಬಿತ್ತು. ನಮ್ಮ ತಲೆಯ ಮೇಲೆಯೇ, ಏರುತ್ತ ಇಳಿಯುತ್ತ, ಜಾಡನ್ನು ದಾಟಿ ಆಚೆಯ ಬೇವಿನ ಮೋಟಿನ ಮೇಲೆ ಕೂತು, ನಮಗೆ ಬೆನ್ನು ಹಾಕಿ, ತಲೆಯನ್ನು ಮಾತ್ರ ತಿರುಗಿಸಿ, ಬಾಯಿಗೆ ಬಂದಂತೆ ಬೈಯತೊಡಗಿತು. ಚಿರ್ರ್, ಚಿರ್ರ್, ಚೀವಕ್, ಚೀವಕ್. ಬಲಗಡೆ.

ಪಾಲಯ್ಯ ಜಾಡಿನ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತರು.

"ಹೋಗೋವಾಗ ಬಲಕ್ಕೆ," ಎಂದರು. "ಆಯ್ತಲ್ಲ. ನಡೀರಿ ಮನೆಗೆ."

"ನಾನ್ ಹಾರನ್ ಹೊಡೆದಿದ್ದಕ್ಕೆ ಹಾರಿದ್ದು ಮಾಮಾ," ಖಲೀಲ್ ಓಡಿಬಂದ. "ನಂದು ತಪ್ಪು. ಹಕ್ಕಿದೇನೈತೆ?"

"ಲೇ ಖಲೀಲ, ನಿನ್ ಕೈಲಿ ಹೊಡಿಸಿದ್ದು ಯಾರು?"

ಓಬಮ್ಮ ಬ್ಯಾಗನ್ನು ನೆಲಕ್ಕಿಟ್ಟು ಗಂಡನ ಎದುರಿಗೆ ಬಂದು ನಿಂತರು.

"ಬಲಕ್ಕೆ ನುಡಿದ್ರೆ ಯಾವಾಗ್ರೀ ಒಳ್ಳೇದು?"

"ಬರೋವಾಗ. ಗೊತ್ತಿಲ್ವಾ ನಿಂಗೆ?"

"ಬರೋವಾಗ ನುಡಿದ್ರೆ ಏನು ಅಂತ ಅರ್ಥ?"

"ಕ್ಷೇಮವಾಗಿ ಮನೆ ಸೇರ್ತಾರೆ ಅಂತ. ಆದ್ರೆ ನಾವು ಬರ್ತಾ ಇಲ್ವಲ್ಲೇ. ಹೋಗ್ತಾ ಇದೀವಿ."

"ಹೋಗೋದನ್ನ ಅದ್ರ ತಾವ ಕೇಳಿದ್ದು ಯಾರು?" ಓಬಮ್ಮನ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಹೋಗೋದು ಖಲೀಲನ ಆಟೋದಾಗೆ. ಅದಕ್ಕೆ ಹಾಲಕ್ಕಿ ಯಾಕ್ರೀ ಬೇಕು? ಏಣಿ ಮ್ಯಾಲೆ ನೀವು ನಿಂತ್ಬಿಟ್ರಲ್ಲ, ಆವತ್ತಿಂದ ನಾನು ಕೇಳ್ತಾ ಇರೋದು ಒಂದೇ. ನೀವು ಬರ್ತೀರೋ ಇಲ್ವೋ ಅಂತ. ನೀವು ಕೇಳಿದ್ದು ನಿಮಗೆ ಹೇಳ್ಲಿಲ್ಲ. ನಾನು ಕೇಳಿದ್ದು ನಂಗೆ ಹೇಳೈತೆ. ಏಳ್ರಿ."

ಬೇವಿನ ಮೋಟಿನ ಮೇಲಿದ್ದ ಹಕ್ಕಿ ಇನ್ನೊಂದು ಸಲ ಬೈದು ಸುಮ್ಮನಾಯಿತು. ತೊಗರಿ ಹೊಲದ ಆಚೆ ಸೂರ್ಯನ ಅಂಚು ಕಂಡಿತು.

"ಫೈಸಲಾ ಆಯ್ತು ಮಾಮಾ," ಎಂದ ಖಲೀಲ್, ಮೆಲ್ಲಗೆ. "ಹತ್ರಿ."

ಪಾಲಯ್ಯ ಹೆಂಡತಿಯನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. "ನಮ್ಮಪ್ಪ ಇದ್ದಿದ್ರೆ ಈ ಮಾತಿಗೆ ಏನಂತಿದ್ನೋ."

"ಹೂಂ ಅಂತಿದ್ರು. ನಿಮ್ಮವ್ವನ ಮಾತಿಗೆ ದಿನಾ ಹೂಂ ಅಂತಿರ್ಲಿಲ್ವಾ?"

ಅವರ ಮುಖದಲ್ಲಿ ನಗು ಬಂತೋ ನೋವು ಬಂತೋ ನನಗೆ ತಿಳಿಯಲಿಲ್ಲ. ಕೈ ಚಾಚಿದರು. ಓಬಮ್ಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎಬ್ಬಿಸಿದೆವು. ಆಟೋದಲ್ಲಿ ಕೂತ ಮೇಲೆ ಓಬಮ್ಮ ಮನೆಯ ಬೀಗದ ಕೈ ನನ್ನ ಕೈಗೆ ಹಾಕಿ, "ಹಾಲು ಕೆಡ್ತೈತೆ, ಹೆಪ್ಪು ಹಾಕು," ಎಂದರು. ಆಟೋ ಮರವನ್ನು ಎಡಕ್ಕೆ ಬಿಟ್ಟು, ಮೋಟನ್ನು ಬಲಕ್ಕೆ ಬಿಟ್ಟು, ನಡುವೆ ಹೋಯಿತು. ಪಾಲಯ್ಯ ಎರಡೂ ಕಡೆ ನೋಡಲಿಲ್ಲ.

ಪಾಲಯ್ಯ ಮರಳಿ ಬಂದರು. ಎದೆಯ ಮೇಲೆ ಉದ್ದದ ಹೊಲಿಗೆ, ಮೈಯಲ್ಲಿ ಅರ್ಧ ತೂಕ. ಈ ವರ್ಷ ಬೆಂಕಿಪೊಟ್ಟಣದಿಂದ ನನ್ನ ಅಂಗೈಗೆ ಉಂಡೆ ಸುರಿದವರು ಅವರೇ. "ನಿನ್ ಗೂಬೆದು," ಎಂದು ನನ್ನನ್ನು ಕೆಣಕುತ್ತ. ಆದರೆ ಇದೆಲ್ಲ ಆಮೇಲಿನ ಮಾತು.

ಆಪರೇಷನ್ ಮಂಗಳವಾರ ಬೆಳಿಗ್ಗೆ ಎಂದು ಹಿಂದಿನ ರಾತ್ರಿ ಓಬಮ್ಮ ಫೋನ್ ಮಾಡಿದ್ದರು. ಅಂದು ನಾನು ಹುಲ್ಲುಗಾವಲಿನ ಕೆಲಸಕ್ಕೆ ಹೋಗಲಿಲ್ಲ. ನಸುಕಿನಲ್ಲಿ ಎದ್ದು, ಹೆಪ್ಪಾಗಿದ್ದ ಮೊಸರನ್ನು ಮುಚ್ಚಿಟ್ಟು, ಮನೆಗೆ ಬೀಗ ಹಾಕಿದೆ. ಫೋನನ್ನು ಕೋಣೆಯಲ್ಲೇ ಬಿಟ್ಟೆ. ದುರ್ಬೀನನ್ನೂ ಬಿಟ್ಟೆ. ಬಂಡಿಜಾಡಿನಲ್ಲಿ ಹುಣಸೆಮರದವರೆಗೆ ಬಂದೆ. ಹಕ್ಕಿಗಳನ್ನು ನೋಡಿ ಹಿಂತಿರುಗುವುದಾಗಿದ್ದರೆ ಅಲ್ಲಿಗೇ ಸಾಕಿತ್ತು. ನಾನು ತಲೆಯೆತ್ತದೆ ಮರವನ್ನು ದಾಟಿ, ಚಳ್ಳಕೆರೆಯ ಡಾಂಬರು ರಸ್ತೆ ಸೇರುವವರೆಗೂ ನಡೆದೆ. ಅಲ್ಲಿ ಒಂದು ಕ್ಷಣ ನಿಂತೆ. ಆಮೇಲೆ ಪಯಣ ಮುಗಿಸಿ ಬರುವವರ ಹಾಗೆ ಊರಿನ ಕಡೆ ತಿರುಗಿ, ಮರ ನನ್ನ ಬಲಕ್ಕೆ ಬರುವಂತೆ, ಹಕ್ಕಿ ನುಡಿಯುವುದಾದರೆ ನುಡಿಯಲು ಹೊತ್ತಿರಲಿ ಎಂದು, ನಿಧಾನವಾಗಿ ಮನೆಯ ಕಡೆ ನಡೆಯತೊಡಗಿದೆ.